ಕಪ್ಪೆಂದರೆ ನೀರು

ಅತ್-ಬಾಶಿಯ ಆಸ್ಪತ್ರೆಯಲ್ಲಿ ಕರೆಂಟು ಹೋಗುವ ಮೊದಲು
ಹನ್ನೊಂದು ಹೊಟ್ಟೆ ನೋಡಿ ಮುಗಿಸಬೇಕು.
ಜೆಲ್ಲಿನ ಬಾಟಲಿ ಹೀಟರಿನ ಮೇಲಿದೆ.
ಹೊರಗೆ ಮೈನಸ್ ಇಪ್ಪತ್ತಾರು.

ಏಳನೆಯವಳು ಕೆಂಜೆ. ನಲವತ್ತೊಂಬತ್ತು.
ಕೈಯಲ್ಲಿ ಮಡಿಸಿ ಮಡಿಸಿ ಸವೆದ ಹಾಳೆ,
ನರಿನ್ ಪಟ್ಟಣದ್ದು, ಯಾರೂ ಓದಿ ಹೇಳಿಲ್ಲ.
ಮೂರು ವಾರ ರಾತ್ರಿ ರಾತ್ರಿ ತಾನೇ ಓದಿಕೊಂಡಿದ್ದಾಳೆ.
ಒಂದು ಶಬ್ದದ ಕೆಳಗೆ ಪೆನ್ಸಿಲ್ ಗೆರೆ:
ಸಿಸ್ಟ್.

"ಎಡ ಕಿಡ್ನಿಯಲ್ಲಂತೆ," ಅಂದಳು ಛಾವಣಿಗೆ.
"ಅಣ್ಣ ಜೋಲ್ದೋಶನ ಲಿವರಿನಲ್ಲೂ ಇತ್ತು,
ನಾಯಿಯಿಂದ ಬಂದದ್ದು. ಎರಡು ಸಲ ಕೊಯ್ದರು.
ಕುರಿ ಸೀಳಿದಾಗ ನಾನೂ ಕಂಡಿದ್ದೇನೆ,
ಬಿಳಿ ಗುಳ್ಳೆ, ಒಳಗೆ ಮರಿಗುಳ್ಳೆ, ದ್ರಾಕ್ಷಿಯ ಹಾಗೆ.
ನಾಯಿ ಮುಟ್ಟದಂತೆ ಆಳಕ್ಕೆ ಹೂಳುತ್ತೇವೆ.
ನನ್ನನ್ನು ಎಲ್ಲಿ"
ಅಷ್ಟಕ್ಕೇ ನಿಲ್ಲಿಸಿದಳು.

ಪಕ್ಕೆಲುಬಿನ ಕೆಳಗೆ ಪ್ರೋಬ್ ಒತ್ತಿದೆ.
ಉಸಿರೆಳೆದು ಹಿಡಿಯಿರಿ, ಎಜೆ.
ಕಿಡ್ನಿ ಮೆಲ್ಲಗೆ ಇಳಿದು ಬಂತು ಪರದೆಗೆ.
ನಾನು ಸುಮ್ಮನಾದೆ.

ಇಲ್ಲೇ ಹೇಳಿಬಿಡುತ್ತೇನೆ: ನಾನು ಸುಮ್ಮನಾಗುವುದು
ಅಳೆಯುವಾಗ.
ಈ ತುದಿಯಿಂದ ಆ ತುದಿಗೆ ಚುಕ್ಕೆ ಎಳೆಯುವಾಗ
ನನಗೆ ಮಾತು ಬರುವುದಿಲ್ಲ.
ಮಲಗಿದವರು ನನ್ನ ಹುಬ್ಬು ಓದುತ್ತಾರೆ,
ವರದಿಗಿಂತ ಮೊದಲು, ವರದಿಗಿಂತ ತಪ್ಪಾಗಿ.
ಹದಿನಾಲ್ಕು ವರ್ಷವಾಯಿತು,
ಈ ಹುಬ್ಬು ಪಳಗಲಿಲ್ಲ.

ಪರದೆಯನ್ನು ಅವಳತ್ತ ತಿರುಗಿಸಿದೆ. ನಿಯಮದಲ್ಲಿಲ್ಲ.
ಅಂಗೈ ಹುಣ್ಣಿಗೆ ಕನ್ನಡಿ ಬೇಡ, ಸರಿ;
ಇದಕ್ಕೆ ಬೇಕು.

ನೋಡಿ, ಕಪ್ಪೆಂದರೆ ನೀರು.
ಏಪ್ರಿಕಾಟ್ ಬೀಜದಷ್ಟು, ಹದಿನೆಂಟು ಮಿಲಿಮೀಟರು.
ಗೋಡೆ ಈರುಳ್ಳಿಯ ಒಳಪೊರೆಗಿಂತ ತೆಳು.
ಒಳಗೆ ಮರಿಯಿಲ್ಲ, ಅಡ್ಡಗೋಡೆಯಿಲ್ಲ, ಮರಳಿಲ್ಲ.
ಅದರ ಬೆನ್ನ ಹಿಂದೆ ಅಕ್ಕಪಕ್ಕಕ್ಕಿಂತ ಬೆಳ್ಳಗಿದೆಯಲ್ಲ?
ಕಲ್ಲಾಗಿದ್ದರೆ ಅಲ್ಲಿ ನೆರಳು ಬೀಳುತ್ತಿತ್ತು.
ತಿಳಿನೀರು ಸದ್ದನ್ನು ತಡೆಯದೆ ಹಾಯಗೊಡುತ್ತದೆ,
ಆಚೆ ಬೆಳಕಾಗುತ್ತದೆ.
ವಯಸ್ಸಾಗುತ್ತ ಕಿಡ್ನಿಗೆ ಇಂಥದು ಬರುವುದುಂಟು,
ಕಣ್ಣಂಚಿಗೆ ಸುಕ್ಕು ಬಂದ ಹಾಗೆ.
ಹಾಳೆಯಲ್ಲಿ ಸಿಸ್ಟ್‌ಗೆ ಮುಂಚೆ ಇನ್ನೊಂದು ಶಬ್ದವಿದೆ,
ನೀವು ಗೆರೆ ಎಳೆಯದೆ ಬಿಟ್ಟದ್ದು:
ಸರಳ.

"ಸರಳ," ಅಂದಳು ಕೆಂಜೆ,
ಕೆನ್ನೆಯೊಳಗೆ ಸಕ್ಕರೆ ತುಂಡು ಇಟ್ಟುಕೊಂಡವಳಂತೆ.

ಹೊಟ್ಟೆ ತುಂಬ ನೀರು ಕುಡಿದು ಬನ್ನಿ ಅಂದದ್ದಕ್ಕೆ
ಒಂಬತ್ತು ಬಟ್ಟಲು ಚಹಾ ಕುಡಿದು ಬಂದಿದ್ದಾಳೆ.
ಮತ್ತೆ ಕಪ್ಪು; ಅದರ ಹಿಂದೆ ಗರ್ಭಕೋಶ.
"ಹಿಂದಕ್ಕೆ ವಾಲಿದೆಯಂತೆ. ಐದು ಹೆತ್ತು ಬಿದ್ದೇಹೋಯಿತೇ?"
ಬಿದ್ದಿಲ್ಲ. ಕೆಲವರು ಎಡಚರಿಲ್ಲವೇ,
ಕೆಲವರ ಗರ್ಭಕೋಶ ಬೆನ್ನಿಗೆ ಒರಗಿ ಕೂರುತ್ತದೆ.

ಗೋಡೆಯಲ್ಲಿ ಒಂದು ಗಂಟು, ಮೂರು ಸೆಂಟಿಮೀಟರು,
ಸುತ್ತು ಸುತ್ತಾಗಿ.
ಅವಳು ಮೊಣಕೈಯೂರಿ ಎದ್ದಳು. "ಇದು ಗೊತ್ತು ನನಗೆ.
ಉಣ್ಣೆಗೆ ಬಿಸಿನೀರು ಹೊಯ್ದು ಉರುಳಿಸುವಾಗ
ಒಂದೊಂದು ಕಡೆ ತಾನೇ ಸುತ್ತಿಕೊಂಡು ಗಂಟಾಗುತ್ತದೆ.
ಹಾಸು ಕೆಡುವುದಿಲ್ಲ. ಬೆರಳಿಗಷ್ಟೇ ತಿಳಿಯುತ್ತದೆ."
ಫೈಬ್ರಾಯ್ಡನ್ನು ಇಷ್ಟು ನೆಟ್ಟಗೆ
ಓದಿದಾಗ ಯಾರೂ ನನಗೆ ಹೇಳಿರಲಿಲ್ಲ.

ಸ್ರಾವ ಹೆಚ್ಚಿದೆಯೇ? ಇಲ್ಲ.
ಹಾಗಿದ್ದರೆ ಇರಲಿ. ಮುಟ್ಟು ನಿಂತ ಮೇಲೆ ಬಹುಶಃ ಅದೂ ಸೊರಗುತ್ತದೆ.
ನಿಂತ ಮೇಲೆ ಮತ್ತೆ ರಕ್ತ ಕಂಡರೆ ಮಾತ್ರ
ಕುರಿ, ಮದುವೆ, ಹಿಮ, ಯಾವುದಕ್ಕೂ ಕಾಯಬೇಡಿ,
ಮಾರನೆಯ ದಿನವೇ ಬನ್ನಿ.

ಎಲ್ಲರಿಗೂ ಹೀಗೆ ಹೇಳಲಾಗುವುದಿಲ್ಲ.
ಬೆಳಿಗ್ಗೆ ಮೂರನೆಯವಳಿಗೆ ಪರದೆ ತಿರುಗಿಸಲಿಲ್ಲ.
ಬಿಷ್ಕೆಕ್‌ಗೆ ಚೀಟಿ ಬರೆದುಕೊಟ್ಟೆ.
ಅವಳು ಬೂಟಿನ ಲೇಸು ಕಟ್ಟುತ್ತ
ತುಂಬ ಹೊತ್ತು ಬಗ್ಗಿಯೇ ಇದ್ದಳು.

ಕೆಂಜೆ ಜೆಲ್ ಒರೆಸಿಕೊಂಡು ಮೂರು ಸ್ವೆಟರು ತೊಟ್ಟಳು.
ಚಿತ್ರ ಬೇಕೆಂದಳು. ಕೊಟ್ಟೆ.
ಬಿಸಿಲಿಗಿಡಬೇಡಿ, ಈ ಕಾಗದ ಮಾಸುತ್ತದೆ.

"ಮಾಸಲಿ ಬಿಡು," ಅಂದಳು,
ಎಡ ಪಕ್ಕೆ ತಟ್ಟಿಕೊಂಡು,
ಮನೆಬಾಗಿಲ ಬೀಗ ಹಾಕಿದೆಯೋ ಇಲ್ಲವೋ
ನೋಡಿಕೊಂಡವಳ ಹಾಗೆ.
ಆಮೇಲೆ ಓಡಿದಳು, ಶೌಚಾಲಯ ಎಲ್ಲಿ ಎಂದು ಕೇಳುತ್ತ.